ಫಕೀರಪ್ಪನವರ ಲೆವೆಲ್

ಫಕೀರಪ್ಪನವರ ಆ ಗುರುವಾರ ಕೆಟ್ಟದ್ದು ಒಂದೇ ಒಂದು ಇಂಗ್ಲಿಷ್ ಅಕ್ಷರದಿಂದ.

ಬೆಳಿಗ್ಗೆ ಒಂಬತ್ತೂವರೆಗೆ ಪುಣೆಯ ಕಾತ್ರಜದ ಬಸ್ಸಿನಿಂದ ಇಳಿದು ಅವರು ಆಫೀಸಿನ ಮೂರು ಮಹಡಿ ಹತ್ತಿದರು. ಬಾಗಿಲಲ್ಲಿದ್ದ ವಾಚ್‌ಮನ್ ದಿನದಂತೆ, "ಕಾಯ್ ಕಾಕಾ, ಆಜ್ ತರೀ ಲಾಗಣಾರ್ ಕಾ?" ಎಂದ. ಇವತ್ತಾದರೂ ಚೆಂಡು ಬ್ಯಾಟಿಗೆ ತಗಲೀತೇ ಎಂದು ಅವನ ಪ್ರಶ್ನೆ. ಅವರು ಒಳಗೆ ಕಾಲಿಟ್ಟರೆ, ಎದುರಿನ ಬಿಳಿ ಬೋರ್ಡಿನ ಮೇಲೆ ಹಸಿರು ಮಸಿಯಲ್ಲಿ 'ಎಫ್ ಲೆವೆಲ್' ಎಂದು ದಪ್ಪಗೆ ಬರೆದಿತ್ತು. ಅದರ ಕೆಳಗೆ ಸಣ್ಣದಾಗಿ, 'ಎಫ್ ಹೊಡೆಯುವವರೆಗೆ ಚೆಂಡಿನ ವೇಗ ಇಳಿಸುತ್ತ ಹೋಗುವುದು' ಎಂದಿತ್ತು.

ಎಫ್ ಅಂದರೆ ಯಾರಿರಬಹುದು ಎಂದು ಫಕೀರಪ್ಪನವರು ಒಂದು ನಿಮಿಷ ಯೋಚಿಸಿದರು. ಹಾಲ್‌ನಲ್ಲಿ ಮೂವತ್ತು ಜನ ಕೂತಿದ್ದರು. ಅವರು ತಿರುಗಿ ನೋಡುತ್ತಲೇ ಮೂವತ್ತೂ ತಲೆಗಳು, ಒಂದೇ ದಾರಕ್ಕೆ ಕಟ್ಟಿದ ಗೊಂಬೆಗಳ ಹಾಗೆ ಒಟ್ಟಿಗೆ ಕಂಪ್ಯೂಟರಿನತ್ತ ಬಗ್ಗಿದವು. ಆಗ ಅವರಿಗೆ ಗೊತ್ತಾಯಿತು.

ಫಕೀರಪ್ಪನವರು ಇಂಥ ಆಫೀಸಿಗೆ ಬಂದದ್ದೇ ಒಂದು ವಿಚಿತ್ರ. ಗದಗದ ಕಡೆಯವರಾದ ಅವರು ಪಿಂಪ್ರಿಯ ಹತ್ತಿರ ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ, ತಗಡು ಒತ್ತಿ ಕತ್ತರಿಸುವ ಪ್ರೆಸ್ ಶಾಪಿನಲ್ಲಿ ಮೂವತ್ತು ವರ್ಷ ದುಡಿದಿದ್ದರು. ಎರಡು ಸಾವಿರದ ಐದರಲ್ಲಿ ಕಾರ್ಖಾನೆ ಮುಚ್ಚಿತು. ಆಗ ಅವರಿಗೆ ಐವತ್ತಾರು. ಮನೆಯಲ್ಲಿ ಕೂತು ಮಾಡಲು ಏನೂ ಇಲ್ಲದೆ, ಹೆಂಡತಿ ಶಿವಬಸವ್ವ ರೊಟ್ಟಿ ಬಡಿಯುವಾಗ ಎಷ್ಟನೆಯ ಏಟಿಗೆ ರೊಟ್ಟಿ ಅಗಲವಾಗಬೇಕೆಂದು ಆಕೆಗೆ ಹೇಳಿಕೊಡಲು ಶುರುಮಾಡಿದ್ದರು.

ಅವರು ವಾಸವಿದ್ದ ಕಟ್ಟಡದಲ್ಲೇ ಮೇಲಿನ ಮನೆಯಲ್ಲಿದ್ದ ಮಾಧುರಿ ಹುಬ್ಬಳ್ಳಿಯ ಕಡೆಯ ಹುಡುಗಿ. ವಿಡಿಯೋ ಗೇಮ್‌ಗಳನ್ನು ಪರೀಕ್ಷೆ ಮಾಡುವ ಕಂಪನಿಯೊಂದರಲ್ಲಿ ಒಂದು ತಂಡಕ್ಕೆ ಅವಳೇ ಮುಖ್ಯಸ್ಥೆ. ಅಮೆರಿಕದಲ್ಲಿ ಆಟ ತಯಾರಾಗುತ್ತಿತ್ತು. ಮಾರುಕಟ್ಟೆಗೆ ಹೋಗುವ ಮೊದಲು ಪುಣೆಯಲ್ಲಿ ಮೂವತ್ತು ಜನ ಅದನ್ನು ಆಡಿ ಆಡಿ ತಪ್ಪು ಹುಡುಕಬೇಕು. ತಪ್ಪಿಗೆ ಅಲ್ಲಿ ಬಗ್ ಎಂದು ಹೆಸರು. ಈ ಸಲ ಬಂದದ್ದು ಬೇಸ್‌ಬಾಲ್ ಆಟ. ಡಬ್ಬಿಯ ಮೇಲೆ 'ಇಡೀ ಕುಟುಂಬಕ್ಕೆ' ಎಂದು ಅಚ್ಚು ಹಾಕಿಸುವವರಿದ್ದರಂತೆ. ಹಾಗಾಗಿ ಐವತ್ತು ದಾಟಿದ, ಬೇಸ್‌ಬಾಲ್ ಎಂಬುದನ್ನೇ ಕಂಡಿರದ ಒಬ್ಬ ಮನುಷ್ಯನಿಂದಲೂ ಆಡಿಸಿ ನೋಡಿ ಎಂದು ಅಮೆರಿಕದವರು ಪಟ್ಟುಹಿಡಿದಿದ್ದರು. ಮಾಧುರಿ ಕೆಳಗಿಳಿದು ಬಂದು ಈ ವಿಷಯ ತೆಗೆದಾಗ ಫಕೀರಪ್ಪನವರು ಬಾಯಿ ತೆರೆಯುವ ಮೊದಲೇ ಶಿವಬಸವ್ವ, ಬೇಕಾದರೆ ಇವತ್ತೇ ಕರೆದುಕೊಂಡು ಹೋಗಬಹುದು ಎಂದು ಒಪ್ಪಿಗೆ ಕೊಟ್ಟುಬಿಟ್ಟಿದ್ದರು.

ಕೆಲಸ ನೋಡಲು ಸುಲಭ. ಟಿವಿಯಲ್ಲಿ ಒಬ್ಬ ಚೆಂಡು ಎಸೆಯುತ್ತಾನೆ. ಸರಿಯಾದ ಹೊತ್ತಿಗೆ ಗುಂಡಿ ಒತ್ತಿದರೆ ಇವರ ಕಡೆಯ ಆಟಗಾರ ಬ್ಯಾಟು ಬೀಸುತ್ತಾನೆ. ಮೂರು ಚೆಂಡು ತಪ್ಪಿದರೆ ಒಬ್ಬ ಔಟು, ಮೂವರು ಔಟಾದರೆ ಸರದಿ ಮುಗಿಯಿತು. ಅತಿ ಸುಲಭದ ಮಟ್ಟಕ್ಕೆ ರೂಕಿ, ಅಂದರೆ ಹೊಸಬ, ಎಂದು ಹೆಸರಿಟ್ಟಿದ್ದರು. ಅತಿ ಕಠಿಣದ ಮಟ್ಟದ ಹೆಸರು ರಿಯಲ್.

ಫಕೀರಪ್ಪನವರು ರೂಕಿಯಲ್ಲಿ ನಲವತ್ತು ದಿನ ಆಡಿದ್ದರು. ಒಂದು ಚೆಂಡೂ ತಗಲಿರಲಿಲ್ಲ. ಮೊದಲ ವಾರ ಎಲ್ಲರೂ ಹಿಂದೆ ನಿಂತು ಹುರುಪು ತುಂಬಿದರು. ಎರಡನೆಯ ವಾರ ಮರುಗಿದರು. ಮೂರನೆಯ ವಾರ ಸಲಹೆ ಕೊಡಲು ಬಂದರು. ಒಬ್ಬ ಹೆಬ್ಬೆರಳಿನಿಂದ ಒತ್ತಿ ಎಂದ, ಇನ್ನೊಬ್ಬ ತೋರುಬೆರಳು ಎಂದ. ಯಶ್ಮಿತಾ ಎಂಬ ಮಂಗಳೂರಿನ ಹುಡುಗಿಯಂತೂ ವಾಸ್ತು ಸರಿಯಿಲ್ಲವೆಂದು ಅವರ ಕುರ್ಚಿಯನ್ನು ಪೂರ್ವಕ್ಕೆ ತಿರುಗಿಸಿಬಿಟ್ಟಳು. ಟಿವಿ ಇದ್ದದ್ದು ಪಶ್ಚಿಮಕ್ಕೆ. ಅರ್ಧ ದಿನ ಅವರು ಕುತ್ತಿಗೆ ತಿರುಗಿಸಿಕೊಂಡು ಆಡಿ, ರಾತ್ರಿ ಹೆಂಡತಿಯಿಂದ ಎಣ್ಣೆ ತಿಕ್ಕಿಸಿಕೊಂಡರು.

ಈಗ ಅವರು ಬೋರ್ಡಿನ ಎದುರಿನಿಂದ ನೇರ ಸುಖೇಶನ ಮೇಜಿಗೆ ಹೋದರು. ಉಡುಪಿಯ ಕಡೆಯ ಈ ಹುಡುಗ ಆಟದಲ್ಲಿ ಆಫೀಸಿಗೇ ಮೊದಲಿಗ. ರಿಯಲ್ ಮಟ್ಟದಲ್ಲಿ ಒಂದು ಸರದಿಗೆ ಎರಡು ರನ್ ತೆಗೆದವನು ಅವನೊಬ್ಬನೇ. ಬೋರ್ಡಿನ ಮೇಲಿದ್ದ ಅಕ್ಷರವೂ ಅವನದೇ. ಎಫ್ ಅಂದರೆ ಫ್ಯಾಮಿಲಿ ಎಂದು ಅವನು ಮೊದಲು ಹೇಳಿನೋಡಿದ. ಫ್ಯಾಮಿಲಿ ಹೊಡೆಯುವವರೆಗೆ ವೇಗ ಇಳಿಸುವುದು ಅಂದರೇನು ಎಂದು ಫಕೀರಪ್ಪನವರು ಕೇಳಿದಾಗ ಮಾತು ಬದಲಿಸಿದ.

"ನೀವು ಬೇಜಾರು ಮಾಡ್ಬೇಡಿ ಮಾರಾಯ್ರೆ. ಈ ಗೇಮಲ್ಲಿ ಎಲ್ಲ ರಿಯಲ್ ಉಂಟು. ನಿಜವಾದ ಬೇಸ್‌ಬಾಲಲ್ಲಿ ಸಹ ಎಂಥ ದೊಡ್ಡ ಪ್ಲೇಯರಿಗೂ ಹತ್ತರಲ್ಲಿ ಏಳು ಸಲ ತಪ್ತದೆ."

"ಹತ್ತರಾಗ ಏಳು ತಪ್ಪತಾವ ಅಂದ್ರ ಮೂರು ಹತ್ತಬೇಕಲ್ಲೋ ತಮ್ಮಾ," ಎಂದರು ಫಕೀರಪ್ಪನವರು. "ನನ್ನ ಮೂರು ಎಲ್ಲಿ ಅದಾವ?"

ಅಷ್ಟರಲ್ಲಿ ಮಾಧುರಿ ಬಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಆಟ ಕಟ್ಟಿದವರಲ್ಲಿ ಒಬ್ಬರಾದ ಅಮೆರಿಕದ ಸಾಹೇಬರು ಆ ದಿನ ಖುದ್ದಾಗಿ ಬರುವವರಿದ್ದರು. ನಲವತ್ತು ದಿನದಲ್ಲಿ ಒಬ್ಬ ಹಿರಿಯರು ಒಂದು ಚೆಂಡನ್ನೂ ಮುಟ್ಟಿಲ್ಲ ಎಂಬುದನ್ನು ನಂಬಲಾಗದೆ, ಕಣ್ಣಾರೆ ನೋಡಬೇಕೆಂದು ಅವರು ಹೇಳಿ ಕಳಿಸಿದ್ದರು. ನೋಡಿದ ಮೇಲೆ ರೂಕಿಗಿಂತಲೂ ಕೆಳಗೆ ಹೊಸದೊಂದು ಮಟ್ಟ ಸೇರಿಸುತ್ತಾರೆ. ಕಾಕಾ ಹೆಚ್ಚಿನದೇನೂ ಮಾಡಬೇಕಿಲ್ಲ, ಎಂದಿನ ಹಾಗೆ ಆಡಿದರೆ ಸಾಕು ಎಂದು ಮಾಧುರಿ ಬಹಳ ಮೆದುವಾಗಿ ಹೇಳಿದಳು.

ಆ 'ಎಂದಿನ ಹಾಗೆ' ಎಂಬ ಮಾತು ಫಕೀರಪ್ಪನವರ ಎದೆಗೆ ನಾಟಿತು. ಆ ಮಟ್ಟ ಲಕ್ಷಾಂತರ ಮನೆಗಳಿಗೆ ಹೋಗುತ್ತದೆ. ಯಾವುದೋ ಊರಿನ ಮಕ್ಕಳು ಆಡಲು ಬಾರದವನನ್ನು ನೀನು ಎಫ್ ಎಂದು ಹಂಗಿಸುತ್ತವೆ. ಅವರು ಮೊಬೈಲ್ ತೆಗೆದು ಹೆಂಡತಿಗೆ ಫೋನು ಮಾಡಿ, ಈ ಆಟದ ಒಂದು ಭಾಗಕ್ಕೆ ನನ್ನ ಹೆಸರು ಇಡುತ್ತಿದ್ದಾರೆ, ಇನ್ನು ಈ ಕೆಲಸ ಬೇಡ ಎಂದು ಹೇಳಹೊರಟರು. ಹೆಸರು ಇಡುತ್ತಿದ್ದಾರೆ ಎಂಬಲ್ಲಿಗೇ ಶಿವಬಸವ್ವನಿಗೆ ಹಿಗ್ಗು ತಡೆಯಲಾಗಲಿಲ್ಲ. ಉಳಿದದ್ದನ್ನು ಕೇಳದೆ ಫೋನು ಇಟ್ಟರು. ಹತ್ತು ನಿಮಿಷದಲ್ಲಿ ಇಂದಾಪುರದಿಂದ ನಾದಿನಿ ಸಾಬವ್ವನ ಫೋನು ಬಂತು. ಅಮೆರಿಕದ ಆಟಕ್ಕೆ ಭಾವನವರ ಹೆಸರಂತೆ, ಓಣಿಯವರೆಲ್ಲ ಕೇಳುತ್ತಿದ್ದಾರೆ, ಅದು ಬಾರಾಮತಿಯ ಅಂಗಡಿಗಳಲ್ಲೂ ಸಿಗುತ್ತದೆಯೇ ಎಂದು ಅವಳು ವಿಚಾರಿಸಿದಳು. ಫಕೀರಪ್ಪನವರು ಸಿಗುತ್ತದೆ ಎಂದೂ ಹೇಳಲಾರದೆ ಇಲ್ಲ ಎಂದೂ ಹೇಳಲಾರದೆ ಕೆಮ್ಮಿದರು.

ಕೆಲಸ ಬಿಡುವ ದಾರಿ ಹೀಗೆ ಮುಚ್ಚಿತು. ಉಳಿದದ್ದು ಒಂದೇ. ಸಾಹೇಬರು ಬರುವುದರೊಳಗೆ ಹೊಡೆಯಲು ಕಲಿಯಬೇಕು.

ಸುಖೇಶ ಅರ್ಧ ಗಂಟೆ ಹೇಳಿಕೊಟ್ಟ. ಹದಿನೇಳು ಚೆಂಡು ಬಂದವು, ಹದಿನೇಳೂ ಹೋದವು. ಆಟ ಎಷ್ಟು ನಿಜವೆಂದರೆ ಎಸೆಯುವವನ ಹಣೆಯ ಮೇಲೆ ಬೆವರಿನ ಹನಿ ಕೂಡ ಕಾಣುತ್ತದೆ ಎಂದು ಅವನು ತೋರಿಸಿದ. ಅವನ ಬೆವರು ನೋಡುತ್ತ ಕೂತದ್ದಕ್ಕೆ ಹದಿನೆಂಟನೆಯದೂ ಹೋಯಿತು. ಇದು ಕೂತು ಕಲಿಯುವ ವಿದ್ಯೆಯಲ್ಲ ಎಂದುಕೊಂಡು ಫಕೀರಪ್ಪನವರು ಎದ್ದು ಕ್ಯಾಂಟೀನಿಗೆ ಹೋದರು.

ಕ್ಯಾಂಟೀನು ನಡೆಸುವ ಕಾಂತಪ್ಪ ಕುಂದಾಪುರದವರು. ಹುಡುಗನಾಗಿದ್ದಾಗ ಊರಿನ ಕ್ರಿಕೆಟ್ ತಂಡದಲ್ಲಿ ಬೌಲರ್ ಆಗಿದ್ದೆ ಎಂದು ಹೇಳಿಕೊಳ್ಳಲು ಅವರು ಯಾವಾಗಲೂ ಒಂದು ಕಾರಣ ಹುಡುಕುತ್ತಿರುತ್ತಿದ್ದರು. ಇವತ್ತು ಕಾರಣ ತಾನಾಗಿ ನಡೆದು ಬಂದಿತ್ತು. ಗುಂಡಿ ಒತ್ತುವವನ ಮೈಗೆ ಬ್ಯಾಟು ಬೀಸುವ ಹದ ಗೊತ್ತಿಲ್ಲದಿದ್ದರೆ ಬೆರಳಿಗೆ ಹೇಗೆ ಗೊತ್ತಾಗಬೇಕು ಎಂದು ಅವರು ವಾದ ಹೂಡಿದರು. ಫಕೀರಪ್ಪನವರಿಗೆ ಇದು ಸರಿಯೆನಿಸಿತು. ಅವರು ತಮ್ಮ ಕೊಡೆ ಹಿಡಿದು ಕ್ಯಾಂಟೀನಿನ ಬಾಗಿಲಿಗೆ ಬೆನ್ನು ಹಾಕಿ ನಿಂತರು. ಕಾಂತಪ್ಪ ಚೀಲದಿಂದ ಒಂದು ಗುಂಡನೆಯ ಬಟಾಟೆ ಆರಿಸಿ, ಅಡುಗೆಯ ಒಲೆಯವರೆಗೆ ಹಿಂದೆ ಸರಿದು, ಓಡಿ ಬಂದು ಎಸೆದರು.

ಫಕೀರಪ್ಪನವರು ಮೈಯೆಲ್ಲ ತಿರುಗಿಸಿ ಬೀಸಿದರು. ಗುಂಡಿ ಒತ್ತಿದರೆ ತೆರೆದುಕೊಳ್ಳುವ ಕೊಡೆ ಅದು. ಇಷ್ಟು ದಿನ ಗುಂಡಿ ಒತ್ತಿ ಒತ್ತಿ ಚಟ ಹಿಡಿದಿದ್ದ ಅವರ ಹೆಬ್ಬೆರಳು ಇಲ್ಲೂ ಒತ್ತಿತು. ಕೊಡೆ ಫಡ್ಡನೆ ಬಿಚ್ಚಿಕೊಂಡು, ಸಾಹೇಬರಿಗೆಂದು ಜೋಡಿಸಿಟ್ಟಿದ್ದ ಇಡ್ಲಿ ತಟ್ಟೆಯನ್ನು ಗುಡಿಸಿಕೊಂಡು ಹೋಯಿತು. ಬಟಾಟೆ ಅದರ ಪಾಡಿಗೆ ಅದು ಬಾಗಿಲತ್ತ ಹಾರಿತು.

ಬಾಗಿಲಲ್ಲಿ ಮಾಧುರಿಯ ಜೊತೆ ಎತ್ತರದ, ಕೆಂಪು ಮುಖದ ಒಬ್ಬರು ನಿಂತಿದ್ದರು. ಅವರು ಮಾತು ನಿಲ್ಲಿಸದೆ, ಕಣ್ಣು ಮಿಟುಕಿಸದೆ ಎಡಗೈ ಎತ್ತಿ ಬಟಾಟೆಯನ್ನು ಹಿಡಿದರು. ಅದನ್ನು ತಿರುಗಿಸಿ ನೋಡಿ, ಒಳಗೆ ಬಂದು, ಎಸೆತ ಬಹಳ ಚೆನ್ನಾಗಿತ್ತು ಎಂದು ಕಾಂತಪ್ಪನವರ ಕೈ ಕುಲುಕಿದರು. ಕಾಂತಪ್ಪ ಅಂದಿನಿಂದ ಮೂರು ತಿಂಗಳು ಬಲಗೈಯಿಂದ ಯಾರಿಗೂ ಸಾಂಬಾರು ಬಡಿಸಲಿಲ್ಲವಂತೆ. ಕೊಡೆಯ ಹಿಂದೆ ನಿಂತಿದ್ದ ಮನುಷ್ಯನನ್ನು ಸಾಹೇಬರು ಗಮನಿಸಲೇ ಇಲ್ಲ. ಮಾಧುರಿ ಪರಿಚಯ ಮಾಡಿಸಿದ ಮೇಲೆ, ಆ ಪ್ರಸಿದ್ಧ ಎಫ್ ಇವರೇ ಏನು ಎಂದು ಕೇಳಿದರು.

ಆ ಪ್ರಶ್ನೆಯಿಂದ ಫಕೀರಪ್ಪನವರ ನಿರ್ಧಾರ ಗಟ್ಟಿಯಾಯಿತು. ಹನ್ನೆರಡು ಗಂಟೆಗೆ ಎಲ್ಲರೂ ದೊಡ್ಡ ಕೋಣೆಯಲ್ಲಿ ಸೇರಿದರು. ಗೋಡೆಯ ಮೇಲೆ ಕಪಾಟಿನ ಬಾಗಿಲಷ್ಟು ಅಗಲದ ಟಿವಿ. ಅದರ ಎರಡು ಬದಿಗೆ ಸೊಂಟದೆತ್ತರದ ಸ್ಪೀಕರುಗಳು. ಮಾಧುರಿ ರೂಕಿ ಮಟ್ಟ ಹಚ್ಚಿಕೊಟ್ಟು ರಿಮೋಟನ್ನು ಅವರ ಕೈಗಿತ್ತಳು. ಅವರು ಅದನ್ನು ಹಿಂದಕ್ಕೆ ಕೊಟ್ಟರು.

"ಇದು ಬ್ಯಾಡ. ರಿಯಲ್ ಹಚ್ಚು."

"ಕಾಕಾ, ಅದರಾಗ ಸುಖೇಶಗ ಸೈತ ಎರಡರ ಮ್ಯಾಲೆ ಆಗೂದಿಲ್ರಿ," ಎಂದಳು ಮಾಧುರಿ, ದನಿ ತಗ್ಗಿಸಿ.

"ಅದಕ್ಕ ಹೇಳಾಕತ್ತೇನಿ. ಅಲ್ಲಿ ಸೊನ್ನಿ ಹೊಡದ್ರ ಅದು ಎಲ್ಲಾರ ಸೊನ್ನಿ. ಇಲ್ಲಿ ಹೊಡದ್ರ ನನ್ನ ಒಬ್ಬನ ಹೆಸರು ಇಡತೀರಿ."

ಸಾಹೇಬರು ಇದೇನೆಂದು ಕೇಳಿದರು. ಮಾಧುರಿ ಅರ್ಧ ಹೇಳಿ ಅರ್ಧ ನುಂಗಿದಳು. ಸಾಹೇಬರು ಗಡಿಯಾರ ನೋಡಿ, ಹಾಗೇ ಆಗಲಿ ಎಂದರು.

ರಿಯಲ್ ಮಟ್ಟದಲ್ಲಿ ಚೆಂಡು ಬರುವುದಿಲ್ಲ, ಬಂದಾಗಿರುತ್ತದೆ. ಮೊದಲ ಆಟಗಾರ ಮೂರು ಚೆಂಡಿಗೆ ಔಟಾದ. ಫಕೀರಪ್ಪನವರು ಒತ್ತುವ ಮೊದಲು ಒಂದು ಹೋಯಿತು. ಒತ್ತಿದ ಮೇಲೆ ನಿಧಾನವಾಗಿ ತೇಲಿಕೊಂಡು ಇನ್ನೊಂದು ಬಂತು. ಅವಸರದ ಚೆಂಡು ಯಾವುದು, ಮೋಸದ ನಿಧಾನದ ಚೆಂಡು ಯಾವುದು ಎಂದು ಎಸೆಯುವವನ ಮುಖ ನೋಡಿ ಹೇಳಲು ಸಾಧ್ಯವಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆದುಕೊಂಡರು.

ಆದರೆ ಆ ಹೊತ್ತಿಗೆ ಫಕೀರಪ್ಪನವರ ಕಿವಿಗೆ ಏನೋ ಬಿದ್ದಿತ್ತು. ಹಾಲ್‌ನಲ್ಲಿ ಮೂವತ್ತು ಆಟಗಳ ಗದ್ದಲ ಬೇಡವೆಂದು ಎಲ್ಲ ಟಿವಿಗಳ ದನಿಯನ್ನೂ ಮುಚ್ಚಿಸಿದ್ದರು. ಬೇಕಾದವರು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಬೇಕು. ಹುಡುಗರು ಹಾಕಿಕೊಂಡು ತಮಗೆ ಬೇಕಾದ ಹಾಡು ಕೇಳುತ್ತಿದ್ದರು. ಕನ್ನಡಕದ ಕಡ್ಡಿ ಒತ್ತುತ್ತದೆಂದು ಫಕೀರಪ್ಪನವರು ಅದನ್ನು ಮುಟ್ಟಿರಲೇ ಇಲ್ಲ. ನಲವತ್ತು ದಿನದಲ್ಲಿ ಈ ಆಟದ ಸದ್ದನ್ನು ಅವರು ಕೇಳಿದ್ದು ಇದೇ ಮೊದಲು.

ಎಸೆಯುವ ಮುನ್ನ ಆ ಮನುಷ್ಯ, ಟಿವಿಯಲ್ಲಿ ಕಾಲು ಕಾಣದಿದ್ದರೂ, ಬೂಟನ್ನು ಮಣ್ಣಿಗೆ ಉಜ್ಜುತ್ತಿದ್ದ. ಕರ್ರ್ ಎಂದು ಒಂದು ಸಲ. ಕೆಲವೊಮ್ಮೆ ಎರಡು ಸಲ.

ಮೂವತ್ತು ವರ್ಷ ಹದಿನಾಲ್ಕು ಪ್ರೆಸ್ ಯಂತ್ರಗಳ ನಡುವೆ ನಿಂತವರು ಅವರು. ಯಾವ ಯಂತ್ರ ಇನ್ನು ಹತ್ತು ಏಟಿಗೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದ ಕಿವಿ ಅದು. ಎರಡನೆಯ ಆಟಗಾರ ಬಂದಾಗ ಅವರು ಗುಂಡಿಯನ್ನು ಮುಟ್ಟಲಿಲ್ಲ. ಸುಮ್ಮನೆ ಕೇಳಿದರು. ಒಂದು ಸಲ ಉಜ್ಜಿದ, ಚೆಂಡು ಗುಂಡಿನ ಹಾಗೆ ಬಂತು. ಎರಡು ಸಲ ಉಜ್ಜಿದ, ಚೆಂಡು ತೇಲಿ ಬಂತು. ಮತ್ತೆ ಒಂದು ಸಲ, ಮತ್ತೆ ಗುಂಡು. ಕೈ ಆಡಿಸದೆಯೇ ಎರಡನೆಯವನೂ ಔಟಾದ. ಒತ್ತುವುದಾದರೂ ಒತ್ತಿ ಮಾರಾಯ್ರೆ ಎಂದು ಸುಖೇಶ ಹಿಂದಿನಿಂದ ಪಿಸುಗುಟ್ಟಿದ. ಮಾಧುರಿ ನೆಲ ನೋಡುತ್ತಿದ್ದಳು. ಸಾಹೇಬರು ಆಗಲೇ ಚೀಟಿಯಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಮೂರನೆಯವನು ಬಂದ. ಕರ್ರ್ ಎಂದು ಒಂದು ಸಲ ಕೇಳಿಸಿತು. ಫಕೀರಪ್ಪನವರು ಒತ್ತಿದರು.

ಠಕ್ಕೆಂದು ಬಂದ ಸದ್ದು ಎಂಥದೆಂದು ಆ ಕೋಣೆಯಲ್ಲಿ ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಚೆಂಡು ಮೇಲೆದ್ದು, ಬಯಲು ದಾಟಿ, ಗೋಡೆ ದಾಟಿ, ಜನ ಕೂತಿದ್ದ ಮೆಟ್ಟಿಲುಗಳಲ್ಲಿ ಎಲ್ಲೋ ಬಿತ್ತು. ಟಿವಿಯಲ್ಲಿ ಪಟಾಕಿ ಹಾರಿ, ಒಂದು ರನ್ ಎಂದು ಮೂಡಿತು. ಫಕೀರಪ್ಪನವರ ಮುಖ ದಿನವೂ ಇದೇ ಕಸುಬು ಎನ್ನುವ ಹಾಗಿತ್ತು. ಮುಂದಿನದು ಎರಡು ಸಲ ಉಜ್ಜಿದ ಚೆಂಡು. ಅವರು ಒಂದು ಉಸಿರಿನಷ್ಟು ಕಾದು ಒತ್ತಿದರು. ಅದೂ ಗೋಡೆ ದಾಟಿತು. ಐದನೆಯ ರನ್ನಿಗೆ ಹುಡುಗರು ಕುರ್ಚಿ ಬಿಟ್ಟು ಎದ್ದರು. ಎಂಟನೆಯದಕ್ಕೆ ಕಾಂತಪ್ಪ ಸೌಟು ಹಿಡಿದುಕೊಂಡೇ ಓಡಿ ಬಂದರು. ಒಂಬತ್ತಕ್ಕೆ ಫಕೀರಪ್ಪನವರು ಕನ್ನಡಕ ತೆಗೆದು ಜೇಬಿಗಿಟ್ಟು, ಕಣ್ಣು ಮುಚ್ಚಿ ಹೊಡೆದರು. ಹನ್ನೊಂದಾದ ಮೇಲೆ ರಿಮೋಟನ್ನು ಮೇಜಿನ ಮೇಲಿಟ್ಟು, ಸಾಕು ಎಂದರು. ಔಟಾಗಿ ಏಳುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ.

"ಬೋರ್ಡ್ ಒರಸವಾ," ಎಂದರು ಮಾಧುರಿಗೆ.

ಅವಳು ಹೋಗಿ ಒರಸಿದಳು. ಸುಖೇಶ ಬಂದು ಅವರ ಕಾಲು ಮುಟ್ಟಿದ. ಅವನಿಗೆ ಅದು ತಮಾಷೆಯಾಗಿರಲಿಲ್ಲ.

ಇಲ್ಲಿಗೇ ಅವರು ಎದ್ದು ಊಟಕ್ಕೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಸಾಹೇಬರು ಎದುರು ಬಂದು ಕೂತು, ಇದನ್ನು ಹೇಗೆ ಸಾಧಿಸಿದಿರಿ ಎಂದು ಬಹಳ ಗೌರವದಿಂದ ಕೇಳಿದರು. ನಲವತ್ತು ದಿನದಲ್ಲಿ ಅವರನ್ನು ಯಾರೂ ಏನನ್ನೂ ಗೌರವದಿಂದ ಕೇಳಿರಲಿಲ್ಲ. ಫಕೀರಪ್ಪನವರು ಎಲ್ಲವನ್ನೂ ಹೇಳಿದರು. ಬರಿಯ ಮಾತಿನಲ್ಲಿ ತೃಪ್ತಿಯಾಗದೆ, ಎದ್ದು ನಿಂತು ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ತೋರಿಸಿದರು. ಒಂದು ಸಲ ಅಂದರೆ ಜೋರು, ಎರಡು ಸಲ ಅಂದರೆ ನಿಧಾನ. ಮಾಧುರಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತ ಹೋದಂತೆ ಸಾಹೇಬರ ಮುಖ ಇನ್ನಷ್ಟು ಕೆಂಪಗಾಯಿತು. ಅವರು ಟಿವಿಗೆ ಕಿವಿ ಹಚ್ಚಿ ಇಪ್ಪತ್ತು ಚೆಂಡು ಕೇಳಿದರು. ಆಮೇಲೆ ಫಕೀರಪ್ಪನವರ ಎರಡೂ ಕೈ ಹಿಡಿದು ಕುಲುಕಿದರು. ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಹನ್ನೊಂದು ರನ್ನಿಗೆ ಎಂದು ಫಕೀರಪ್ಪನವರು ತಿಳಿದಿದ್ದರು.

ಊಟ ಮುಗಿಸಿ ಬಂದರೆ ಮಾಧುರಿ ಅವರ ಮೇಜಿನ ಹತ್ತಿರ ಕಾಯುತ್ತಿದ್ದಳು. ಕಂಪ್ಯೂಟರಿನಲ್ಲಿ ಒಂದು ಹಾಳೆ ತೆರೆದಿತ್ತು. ಬಗ್ ಕಂಡುಹಿಡಿದವರು ತಾವೇ ಅದನ್ನು ದಾಖಲಿಸಬೇಕೆಂಬುದು ಅಲ್ಲಿಯ ನಿಯಮ. ಅವರಿಗೆ ತೊಂದರೆಯಾಗಬಾರದೆಂದು ಮೇಲಿನ ಸಾಲನ್ನು ಅವಳೇ ತುಂಬಿಸಿಟ್ಟಿದ್ದಳು. ದೋಷ: ಐವತ್ತಾರು ವಯಸ್ಸಿನ ಹೊಸಬ ಅತಿ ಕಠಿಣ ಮಟ್ಟದಲ್ಲಿ ಹನ್ನೊಂದು ರನ್ ಹೊಡೆಯುತ್ತಿದ್ದಾನೆ. ಗಂಭೀರತೆ: ಅತಿ ಹೆಚ್ಚು.

ಫಕೀರಪ್ಪನವರು ಅದನ್ನು ಎರಡು ಸಲ ಓದಿದರು.

"ನಾ ಹೊಡದದ್ದ ದೋಷ ಏನವಾ?"

ಹಾಗಲ್ಲ ಎಂದು ಮಾಧುರಿ ಸಮಾಧಾನ ಹೇಳಿದಳು. ಆ ಬೂಟಿನ ಸದ್ದು ಹಾಗೆ ಬರಬಾರದಿತ್ತು. ಯಾವ ಚೆಂಡು ಬರುತ್ತದೆಂದು ಅದು ಮೊದಲೇ ಹೇಳಿಬಿಡುತ್ತಿದೆ. ಒಂದು ವರ್ಷದಿಂದ ಎರಡು ದೇಶಗಳಲ್ಲಿ ಯಾರಿಗೂ ಅದು ಗೊತ್ತಾಗಿರಲಿಲ್ಲ. ಕಾಕಾ ಕಂಡುಹಿಡಿದದ್ದು ಈ ವರ್ಷದ ಅತಿ ದೊಡ್ಡ ಬಗ್ ಎಂದು ಸಾಹೇಬರು ಹೊಗಳುತ್ತಿದ್ದಾರೆ.

ಫಕೀರಪ್ಪನವರು ಎದ್ದು ಸಾಹೇಬರು ಕೂತಿದ್ದ ಕೋಣೆಗೆ ನಡೆದರು. ಮಾಧುರಿ ಹಿಂದೆಯೇ ಓಡಿದಳು. ಸಾಹೇಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಆಗಲೇ ಆ ಸದ್ದನ್ನು ಕಿತ್ತುಹಾಕುತ್ತಿದ್ದರು.

"ಬೂಟು ಹಾಕ್ಕೊಂಡ ಮನಷಾ ಮಣ್ಣಾಗ ನಿಂತ್ರ ಸಪ್ಪಳ ಆಗೂದಿಲ್ಲೇನಂತ ಕೇಳವಾ ಇವರನ್ನ," ಎಂದರು. "ಬೆವರು ನಿಜ ಬೇಕು, ಧೂಳು ನಿಜ ಬೇಕು, ಕಾಲು ಮಾತ್ರ ಸುಳ್ಳ ಇರಬೇಕ? ಹೆಸರ ನೋಡಿದ್ರ ರಿಯಲ್."

ಸಾಹೇಬರು ತಾಳ್ಮೆಯಿಂದ ಕೇಳಿದರು. ನಿಜವಾದ ಆಟದಲ್ಲಿ ಎಸೆಯುವವನು ಇಂಥ ಅಭ್ಯಾಸವನ್ನು ಬಚ್ಚಿಡಲು ಕಲಿಯುತ್ತಾನೆ, ಇಲ್ಲದಿದ್ದರೆ ಅವನಿಗೆ ಹೊಟ್ಟೆಪಾಡೇ ಇರುವುದಿಲ್ಲ ಎಂದರು.

"ಕಲೀಲಿ ಅನ್ನವಾ. ನಾ ನಲವತ್ತು ದಿನ ಕೂತು ಕಲತೇನಿ, ಅವನೂ ಕಲೀಲಿ. ಆಫೀಸ್ನಾಗ ಕೂತು ಅವನ ಕಾಲು ಯಾಕ ಕಟ್ಟತಾರ?"

ಮಾಧುರಿ ಇದನ್ನು ಹೇಗೆ ತಿರುಗಿಸಿ ಹೇಳಿದಳೋ, ಸಾಹೇಬರು ಮನಸಾರೆ ನಕ್ಕರು. ಇಂಥ ಉತ್ಸಾಹ ತಮ್ಮ ಊರಿನ ಹುಡುಗರಲ್ಲೂ ಇಲ್ಲವೆಂದು ಹೇಳಿ, ಮತ್ತೆ ಲ್ಯಾಪ್‌ಟಾಪಿಗೆ ಬಗ್ಗಿದರು.

ನಾಲ್ಕೂವರೆಗೆ ಸರಿಪಡಿಸಿದ ಆಟ ಸಿದ್ಧವಾಯಿತು. ಆಗ ಮಾಧುರಿ ಇನ್ನೊಂದು ನಿಯಮ ಹೇಳಿದಳು. ಬಗ್ ಕಂಡುಹಿಡಿದವರೇ ಅದು ಹೋಗಿದೆಯೆಂದು ನೋಡಿ ಸಹಿ ಹಾಕಬೇಕು. ಅಂದರೆ ಫಕೀರಪ್ಪನವರು ಮತ್ತೆ ರಿಯಲ್ ಮಟ್ಟದಲ್ಲಿ ಆಡಿ, ತಮಗೆ ಇನ್ನು ಹೊಡೆಯಲಾಗುವುದಿಲ್ಲ ಎಂಬುದನ್ನು ಮೂರು ಸರದಿಗಳಲ್ಲಿ ಸಾಬೀತುಪಡಿಸಬೇಕು.

ಅವರು ಎಲ್ಲರೆದುರಿಗೆ ಕೂತರು. ಮಧ್ಯಾಹ್ನ ನಕ್ಕವರು ಯಾರೂ ಈಗ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಸ್ಪೀಕರುಗಳು ಅಷ್ಟೇ ಜೋರಾಗಿದ್ದವು. ಜನರ ಕೂಗು ಕೇಳಿಸಿತು, ಗಾಳಿ ಕೇಳಿಸಿತು. ಎಸೆಯುವವನ ಕಾಲು ಮಾತ್ರ ಹತ್ತಿಯ ಮೇಲೆ ಊರಿದ ಹಾಗೆ ಸದ್ದು ಮಾಡಲಿಲ್ಲ. ಮೊದಲ ಸರದಿಯಲ್ಲಿ ಒಂಬತ್ತು ಚೆಂಡು ಹೋದವು. ಎರಡನೆಯದರಲ್ಲೂ ಒಂಬತ್ತು. ಮೂರನೆಯದಕ್ಕೆ ಅವರು ಕನ್ನಡಕವನ್ನು ಒರಸಿ ಹಾಕಿಕೊಂಡು, ಎಸೆಯುವವನ ಭುಜ ನೋಡಿದರು, ಬೆರಳು ನೋಡಿದರು, ಅವನು ಉಸಿರು ಎಳೆಯುವುದನ್ನು ನೋಡಿದರು. ಒಂಬತ್ತೂ ಹೋದವು. ನೋಡಲಾಗದೆ ಕಾಂತಪ್ಪ ಸೌಟಿನೊಂದಿಗೆ ಹೊರಟುಹೋದರು.

ಸಾಹೇಬರು ತೃಪ್ತಿಯಿಂದ ಎದ್ದರು. ಹೊರಡುವ ಮುನ್ನ ಒಂದು ಮಾತು ಸೇರಿಸಿದರು. ಸದ್ದಿನ ಸಹಾಯವಿಲ್ಲದೆ ಈ ಹಿರಿಯರಿಗೆ ಏನೂ ಆಗುವುದಿಲ್ಲ ಎಂಬುದು ಈಗ ಖಚಿತವಾಯಿತು, ಆದ್ದರಿಂದ ಆ ಎಫ್ ಲೆವೆಲ್ ಖಂಡಿತ ಬೇಕು, ನಾಳೆಯಿಂದಲೇ ಕೆಲಸ ಶುರುವಾಗಲಿ. ಸುಖೇಶ ಹಸಿರು ಪೆನ್ನು ಹಿಡಿದು ಬೋರ್ಡಿನ ಹತ್ತಿರ ಹೋಗಿ, ಈ ಸಲ ಅಕ್ಷರವನ್ನು ಬಹಳ ಸಣ್ಣದಾಗಿ ಬರೆದ.

ಹಾಳೆಯ ಕೊನೆಯ ಸಾಲು ಉಳಿದಿತ್ತು. ಈ ದೋಷ ಇನ್ನೂ ಇದೆಯೇ, ಇಲ್ಲವೇ? ಫಕೀರಪ್ಪನವರು ಒಂದು ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, ಇಂಗ್ಲಿಷಿನಲ್ಲಿ ಟೈಪು ಮಾಡಿದರು. ಮಾಧುರಿ ಬಗ್ಗಿ ನೋಡಿದಳು. 'ಇವತ್ತಿಗೆ ಇಲ್ಲ' ಎಂದಿತ್ತು.

"ಕಾಕಾ, ಇದಕ್ಕ 'ಹೌದು', 'ಇಲ್ಲ', ಎರಡರಾಗ ಒಂದ ಬರೀಬೇಕ್ರಿ. ಹಿಂಗ ಬರದ್ರ ಇದು ಮುಗಿಯೂದಿಲ್ಲ. ದಿನಾ ಮುಂಜಾನೆ ನೀವ ಮತ್ತ ರಿಯಲ್ ಆಡಿ ನೋಡಬೇಕಾಗತದ, ಹೊಡೀಲಿಕ್ಕೆ ಆಗೂದಿಲ್ಲ ಅಂತ ದಿನಾ ಬರೀಬೇಕಾಗತದ."

"ಬರೀತೇನಿ," ಎಂದರು ಫಕೀರಪ್ಪನವರು.

ಮರುದಿನ ಅವರು ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಬಂದರು. ಹಾಲ್‌ನಲ್ಲಿ ಯಾರೂ ಇರಲಿಲ್ಲ. ಮೂರು ಸರದಿ ಆಡಿದರು, ಇಪ್ಪತ್ತೇಳು ಚೆಂಡು ಬಿಟ್ಟರು, ಹಾಳೆ ತೆರೆದು ಒಂದು ಬೆರಳಿನಿಂದ ಬರೆದರು: 'ಇವತ್ತೂ ಇಲ್ಲ.' ಆಮೇಲೆ ಸರದಿ ಮುಗಿದಿದ್ದರೂ, ಯಾರೂ ಕೇಳಿರದಿದ್ದರೂ, ಇಪ್ಪತ್ತೆಂಟನೆಯ ಚೆಂಡಿಗೆ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು.